ಏರೋಟರ್ ಬಿಚ್ಚುವ ಸುಖ

ನಮ್ಮ ಕಡೆ ಡಾಕ್ಟರಾದವನಿಗೆ ಭಾನುವಾರ ಕಳೆಯಲು ಬೇಕಾದಷ್ಟು ದಾರಿಗಳಿವೆ. ತೋಟವಿದ್ದವರು ತೋಟಕ್ಕೆ ಹೋಗಿ ಆಳುಗಳ ಮೇಲೆ ರೇಗಬಹುದು. ಯಕ್ಷಗಾನದ ಹುಚ್ಚಿದ್ದವರು ರಾತ್ರಿಯಿಡೀ ಆಟ ನೋಡಿ ಹಗಲಿಡೀ ಮಲಗಬಹುದು. ಎನ್.ಆರ್.ಪುರದ ನನ್ನ ದಂತವೈದ್ಯ ಮಿತ್ರರೊಬ್ಬರು ಭದ್ರಾ ಹಿನ್ನೀರಿನ ದಡದಲ್ಲಿ ಗಾಳ ಹಾಕಿ ಕೂರುತ್ತಾರೆ; ಅವರಿಗೆ ಮೀನು ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ. ನಾನು ಕೊಪ್ಪದ ನನ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಟರ್ಕಿ ಟವೆಲ್ ಹಾಸಿಕೊಂಡು ಏರೋಟರ್ ಬಿಚ್ಚುತ್ತ ಕೂರುತ್ತೇನೆ.

ಏರೋಟರ್ ಎಂದರೆ ಹಲ್ಲು ಕೊರೆಯುವ ಆ ಉಪಕರಣ. ಹೆಸರು ಗೊತ್ತಿಲ್ಲದವರಿಗೂ ಶಬ್ದ ಗೊತ್ತು. ಒಳಗೆ ಅದು ಶುರುವಾದ ಕೂಡಲೇ ಹೊರಗೆ ಬೆಂಚಿನ ಮೇಲೆ ಕೂತವರು ಮೊಬೈಲಿನಿಂದ ತಲೆ ಎತ್ತುತ್ತಾರೆ. ಕೆಲವರಿಗೆ ಆಗಲೇ ಬಸ್ಸಿಗೆ ಹೊತ್ತಾಯಿತೆಂದು ನೆನಪಾಗುತ್ತದೆ. ತೋಟದಲ್ಲಿ ಕಾಟಿಗೆ ಎದುರಾಗಿ ನಿಂತ ಕಥೆಯನ್ನು ಸೊಗಸಾಗಿ ಹೇಳುವ ಗೌಡರೊಬ್ಬರು ನನ್ನ ಕುರ್ಚಿಯಲ್ಲಿ ಒರಗಿದ ಮೇಲೆ ಕೈ ಮುಗಿದು, “ಡಾಕ್ಟ್ರೇ, ಬೇರೆ ಎಂತ ಬೇಕಾದ್ರೂ ಮಾಡಿ, ಆ ಕುಂಯ್ ಅನ್ನೋದೊಂದು ಬ್ಯಾಡ ಮಾರಾಯ್ರೆ” ಎಂದರು. ಗೌಡರನ್ನು ಬೆವರಿಸುವ ಆ ಕುಂಯ್ ನನಗೆ ಇಷ್ಟ. ಅದು ಸರಿಯಾಗಿ ಕೇಳಿಸಿದ ದಿನ ಮಧ್ಯಾಹ್ನದ ಊಟ ರುಚಿಸುತ್ತದೆ. ಅದರಲ್ಲಿ ಎಳ್ಳಷ್ಟು ಏರುಪೇರಾದರೂ ಬಾಯಿ ತೆರೆದು ಮಲಗಿದ ರೋಗಿಗಿಂತ ಮೊದಲು ನನ್ನ ಎದೆ ಧಸಕ್ಕೆನ್ನುತ್ತದೆ.

ಆ ಶಬ್ದ ಎಲ್ಲಿಂದ ಹುಟ್ಟುತ್ತದೆಂದು ಲೆಕ್ಕ ಹಾಕಿ ನೋಡಬೇಕು. ಏರೋಟರಿನ ತಲೆಯೊಳಗೆ ಒಂದು ಪುಟ್ಟ ರೆಕ್ಕೆಚಕ್ರ ಇದೆ, ಅಡ್ಡಳತೆ ಎಂಟು ಮಿಲಿಮೀಟರ್ ಆಸುಪಾಸು. ಎರಡೂವರೆ ಬಾರ್ ಒತ್ತಡದ ಗಾಳಿ ಅದಕ್ಕೆ ಬಡಿದರೆ ನಿಮಿಷಕ್ಕೆ ಮೂರೂವರೆ, ನಾಲ್ಕು ಲಕ್ಷ ಸುತ್ತು ಹೊಡೆಯುತ್ತದೆ. 3.6 ಲಕ್ಷ ಎಂದೇ ಇಟ್ಟುಕೊಳ್ಳಿ. ಸೆಕೆಂಡಿಗೆ 6,000 ಆಯಿತು. ಹಾಗಾದರೆ ಆ ಚಕ್ರದ ಅಂಚು ಗಂಟೆಗೆ 540 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ, ಅದೂ ಗೌಡರ ಕೆನ್ನೆಯ ಒಳಗೆ, ನಾಲಿಗೆಗೆ ಒಂದು ಬೆರಳು ದೂರದಲ್ಲಿ. ಕೊಪ್ಪದಿಂದ ಶೃಂಗೇರಿಗೆ ಹೋಗಲು ಬಸ್ಸು ಒಂದು ಗಂಟೆ ತೆಗೆದುಕೊಳ್ಳುವ ನಾಡಿನಲ್ಲಿ ಇಷ್ಟು ವೇಗವಾಗಿ ಓಡುವ ಬೇರೆ ವಸ್ತು ಇರಲಿಕ್ಕಿಲ್ಲ.

ಮೊದಲು ಹೀಗಿರಲಿಲ್ಲ. ಅಮೆರಿಕದ ಜೇಮ್ಸ್ ಮಾರಿಸನ್ 1871ರಲ್ಲಿ ಪೇಟೆಂಟ್ ಪಡೆದ ಯಂತ್ರವನ್ನು ಡಾಕ್ಟರು ಕಾಲಿನಿಂದ ತುಳಿಯುತ್ತ ಕೈಯಿಂದ ಕೊರೆಯಬೇಕಿತ್ತು. ಆಮೇಲೆ ವಿದ್ಯುತ್ ಮೋಟಾರು ಬಂತು, ರಾಟೆ ಮತ್ತು ಬೆಲ್ಟು ಬಂದವು. ಹಲ್ಲು ಕೊರೆಯಲು ಗಾಳಿಚಕ್ರವೇ ಸಾಕೆಂದು 1949ರಲ್ಲಿ ನ್ಯೂಜಿಲೆಂಡಿನ ಜಾನ್ ಪ್ಯಾಟ್ರಿಕ್ ವಾಲ್ಶ್ ತೋರಿಸಿಕೊಟ್ಟರು. ಅದು ದಿನಬಳಕೆಗೆ ಒಗ್ಗಿ ಮಾರುಕಟ್ಟೆಗೆ ಇಳಿದದ್ದು 1957ರಲ್ಲಿ, ಅಮೆರಿಕದ ದಂತವೈದ್ಯ ಜಾನ್ ಬೋರ್ಡನ್ ಅವರಿಂದ. ಏರೋಟರ್ ಎನ್ನುವುದು ಬೋರ್ಡನ್ ಯಂತ್ರದ ಹೆಸರು. ನಮ್ಮ ದೇಶದ ದಂತವೈದ್ಯರು ಯಾವ ಕಂಪನಿಯದಾದರೂ ಅದನ್ನೇ ಹಿಡಿದುಕೊಂಡಿದ್ದೇವೆ. ನಿಧಾನವಾಗಿ ತಿರುಗುವ, ವಿದ್ಯುತ್ತಿನ ಇನ್ನೊಂದಕ್ಕೆ ಮೈಕ್ರೋಮೋಟರ್ ಎನ್ನುತ್ತೇವೆ. ಅದರ ಬಗ್ಗೆ ನನಗೆ ಗೌರವವಿದೆ, ಪ್ರೀತಿ ಇಲ್ಲ. ಅದು ಕೆಟ್ಟರೆ ಒಂದೋ ಕಾರ್ಬನ್ ಬ್ರಷ್ಷು ಸವೆದಿರುತ್ತದೆ, ಇಲ್ಲವೇ ತಂತಿ ಒಳಗೇ ತುಂಡಾಗಿರುತ್ತದೆ. ಊರಿನ ಯಾವ ಎಲೆಕ್ಟ್ರಿಷಿಯನ್ನಾದರೂ ಸರಿ ಮಾಡಿಯಾನು.

ಏರೋಟರ್ ಬಿಚ್ಚುವುದು ಬಹಳ ಸರಳ. ತಲೆಯ ಹಿಂಬದಿಯಲ್ಲೊಂದು ಮುಚ್ಚಳ. ಅದಕ್ಕೆಂದೇ ಕೊಡುವ ಚಪ್ಪಟೆ ಸ್ಪ್ಯಾನರ್ ಕೂರಿಸಿ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಹಲ್ಲು ಕೊರೆಯುವ ಮೊನೆಯಾದ ಬರ್ ಹಾಕಿಕೊಂಡೇ ಮೆಲ್ಲಗೆ ಹಿಂದಕ್ಕೆ ತಳ್ಳಿದರೆ ಒಳಗಿನ ಕಾರ್ಟ್ರಿಡ್ಜ್ ಇಡಿಯಾಗಿ ಹೊರಗೆ ಬರುತ್ತದೆ. ನಡುವೆ ರೆಕ್ಕೆಚಕ್ರ, ಮೇಲೊಂದು ಕೆಳಗೊಂದು ಬೇರಿಂಗು, ಮಧ್ಯೆ ಹಾಯ್ದು ಹೋಗುವ ಟೊಳ್ಳು ಕಡ್ಡಿ, ಆ ಟೊಳ್ಳಿನಲ್ಲಿ ಬರ್ ಹಿಡಿಯುವ ಚಕ್. ಬೇರಿಂಗಿನ ಸುತ್ತ ಕಪ್ಪು ಓ-ರಿಂಗು. ಇಷ್ಟೇ. ಇಷ್ಟೇ ಎಂದು ಹೇಳುವಾಗ ಅಳತೆಗಳನ್ನೂ ಹೇಳಬೇಕು. ಬೇರಿಂಗಿನ ಹೊರಸುತ್ತು ಕಾಲು ಇಂಚು, ಅಂದರೆ 6.35 ಮಿಲಿಮೀಟರ್, ಒಳತೂತು 3.175. ಅದರೊಳಗೆ ಸಾಮಾನ್ಯವಾಗಿ ಏಳು ಗುಂಡುಗಳು, ಒಂದೊಂದೂ ಒಂದು ಮಿಲಿಮೀಟರಿನದು. ಬರ್‌ನ ಕಡ್ಡಿ 1.6 ಮಿಲಿಮೀಟರ್. ಟವೆಲ್ ಹಾಸುವ ಕಾರಣ ಈಗ ಗೊತ್ತಾಗಿರಬೇಕು. ಕೆಂಪು ಸಿಮೆಂಟಿನ ನೆಲಕ್ಕೆ ಬಿದ್ದ ಒಂದು ಮಿಲಿಮೀಟರ್ ಗುಂಡನ್ನು ಹುಡುಕುವುದಕ್ಕಿಂತ ಹಿನ್ನೀರಿನಲ್ಲಿ ಮೀನು ಹಿಡಿಯುವುದು ಸುಲಭ.

ಈ ಕೆಲಸಕ್ಕೆ ನನ್ನಲ್ಲಿರುವ ಸಾಮಾನುಗಳಲ್ಲಿ ಅರ್ಧ ವಾಚ್ ರಿಪೇರಿಯವರದ್ದು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಮಸೂರ, ಸೂಜಿಮೊನೆಯ ಚಿಮುಟ, ಮುಚ್ಚಳವಿರುವ ಗಾಜಿನ ಬಟ್ಟಲು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ವಿಟ್ಜರ್ಲೆಂಡಿನ ಬಿಯೆನ್ ಎಂಬ ಊರಿನಲ್ಲಿ ಒಮೇಗಾ ಗಡಿಯಾರಗಳೂ ಹುಟ್ಟುತ್ತವೆ, ಬಿಯೆನ್-ಏರ್ ಎಂಬ ಹೆಸರಿನ ಏರೋಟರುಗಳೂ ಹುಟ್ಟುತ್ತವೆ. ಒಂದು ಬೇರಿಂಗನ್ನು ಕಡ್ಡಿಗೆ ಒತ್ತಿ ಕೂರಿಸುವ ಪುಟ್ಟ ಪ್ರೆಸ್ ಮಾತ್ರ ನಾನು ಬೆಂಗಳೂರಿನಿಂದ ತರಿಸಿದ್ದು. ಮನೆಯವಳು ಅದನ್ನು ನೋಡಿ ಲಿಂಬೆಹಣ್ಣು ಹಿಂಡಲು ಆಗುತ್ತದಾ ಎಂದು ಕೇಳಿದಳು.

ಬೇರಿಂಗಿನ ವಿಷಯಕ್ಕೆ ಬಂದರೆ ಒಂದು ತಮಾಷೆ ಹೇಳಬೇಕು. ಭಾರತದ ದಂತವೈದ್ಯರು ಬಹಳ ಬಳಸುವ ಜಪಾನಿನ ಎನ್‌ಎಸ್‌ಕೆ ಎಂದರೆ ನಾಕಾನಿಶಿ ಕಂಪನಿ, 1930ರಲ್ಲಿ ಶುರುವಾದದ್ದು. ಬೈಕು, ಕಾರು, ಪಂಪುಗಳ ಬೇರಿಂಗ್ ಮಾಡುವ ಜಪಾನಿನ ಎನ್‌ಎಸ್‌ಕೆ ಬೇರೆಯೇ, 1916ರದ್ದು. ನಾನು ಒಮ್ಮೆ ನಮ್ಮೂರ ಪಂಪ್‌ಸೆಟ್ ರಿಪೇರಿಯ ಮೇಸ್ತ್ರಿಯ ಹತ್ತಿರ ಮಾತಿಗೆ, ಎನ್‌ಎಸ್‌ಕೆ ಬೇರಿಂಗ್ ಬೇಕಿತ್ತು ಎಂದೆ. “ನಮ್ಮಲ್ಲೇ ಇದೆಯಲ್ಲ ಡಾಕ್ಟ್ರೇ, ಎಷ್ಟು ಬೇಕು?” ಎಂದು ಅಂಗೈಯಗಲದ ಒಂದನ್ನು ತಂದು ಮೇಜಿನ ಮೇಲಿಟ್ಟ. ನನ್ನ ಜೇಬಿನ ಪೊಟ್ಟಣದಿಂದ ನಾನು ನನ್ನದನ್ನು ತೆಗೆದು ಅದರ ತೂತಿನೊಳಗೆ ಇಟ್ಟೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ, “ಇದಕ್ಕೆ ಗ್ರೀಸ್ ಹ್ಯಾಂಗೆ ಹಾಕ್ತೀರಿ?” ಎಂದು ಕೇಳಿದ. ಕಸುಬುದಾರ ಕೇಳಬೇಕಾದ ಪ್ರಶ್ನೆ ಅದೇ. ಗ್ರೀಸ್ ಹಾಕುವುದಿಲ್ಲ, ತೆಳ್ಳನೆಯ ಎಣ್ಣೆಯನ್ನು ಡಬ್ಬಿಯಿಂದ ಸಿಂಪಡಿಸುತ್ತೇವೆ, ಅದೂ ದಿನಾ ಎಂದೆ. “ದಿನಾನಾ!” ಎಂದು ಅವನು ನನ್ನನ್ನೇ ಕನಿಕರದಿಂದ ನೋಡಿದ.

ದಿನಾ ಏಕೆ ಎಂಬಲ್ಲಿ ಮಲೆನಾಡು ಬರುತ್ತದೆ. ಏರೋಟರ್ ಕೊರೆದು ಕೊರೆದು ಸವೆಯುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನನ್ನ ಮೇಜಿಗೆ ಬಂದವುಗಳನ್ನು ನೋಡಿ ಹೇಳುವುದಾದರೆ, ಓಡಿ ಸತ್ತವು ಕಡಿಮೆ. ಒದ್ದೆಯಾಗಿ ಕೂತು ಸತ್ತವೇ ಹೆಚ್ಚು. ಹಗಲಿಡೀ ಗಾಳಿ ನುಗ್ಗುತ್ತಿದ್ದರೆ ಬೇರಿಂಗಿನಲ್ಲಿ ನೀರು ನಿಲ್ಲುವುದಿಲ್ಲ. ಸಂಜೆ ಬಾಗಿಲು ಹಾಕಿ ಮನೆಗೆ ಹೋದ ಮೇಲೆ, ತಲೆಯೊಳಗೆ ಉಳಿದ ಒಂದು ಹನಿ ರಾತ್ರಿಯಿಡೀ ತನ್ನ ಕೆಲಸ ಮಾಡುತ್ತದೆ. ಬೇರಿಂಗಿನ ಉಕ್ಕು ಸ್ಟೇನ್‌ಲೆಸ್ ಎಂದು ಹೆಸರು, ಆದರೆ ಈ ಜಾತಿಯ ಗಟ್ಟಿ ಉಕ್ಕಿಗೆ ತುಕ್ಕು ಹಿಡಿಯುವುದೇ ಇಲ್ಲ ಎಂದೇನಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯೊಂದು ಸಾಕು; ಸೆಕೆಂಡಿಗೆ ಆರು ಸಾವಿರ ಸುತ್ತುವಾಗ ಪ್ರತಿ ಗುಂಡೂ ಆ ಕಲೆಯ ಮೇಲೆ ಎಡವುತ್ತದೆ. ಈಗೀಗ ಗುಂಡುಗಳು ಪಿಂಗಾಣಿ ಜಾತಿಯ ಸಿಲಿಕಾನ್ ನೈಟ್ರೈಡಿನವು. ಉಕ್ಕಿನ ಅರ್ಧ ತೂಕವೂ ಇಲ್ಲ, ತುಕ್ಕಿನ ಭಯವಿಲ್ಲ. ಆದರೆ ಅವು ಓಡುವ ದಾರಿ ಉಕ್ಕಿನದೇ.

ಮತ್ತೆ ಈ ಯಂತ್ರದ ಹಣೆಬರಹ ನೋಡಿ: ನೀರಿಲ್ಲದೆ ಅದು ಕೆಲಸವನ್ನೂ ಮಾಡುವ ಹಾಗಿಲ್ಲ. ಕೊರೆಯುವಾಗ ಹಲ್ಲು ಕಾಯುತ್ತದೆ, ಒಳಗಿನ ನರ ಬೆಂದು ಹೋಗುತ್ತದೆ. ಹಾಗಾಗಿ ಬರ್‌ನ ತುದಿಗೆ ಸದಾ ನೀರಿನ ತುಂತುರು ಬೇಕು. ಬೇರಿಂಗಿನಿಂದ ಕೆಲವೇ ಮಿಲಿಮೀಟರ್ ಆಚೆ ನೀರು ಬೇಕೇ ಬೇಕು, ಈಚೆ ಬೇಡವೇ ಬೇಡ. ನನ್ನ ಇಡೀ ಹವ್ಯಾಸ ಈ ಗಡಿ ಕಾಯುವ ಕೆಲಸ.

ಮೃಗಶಿರ ಮಳೆ ಹಿಡಿದ ಮೇಲೆ ಇಲ್ಲಿ ಗಾಳಿಯೇ ನೀರು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಎನ್ನುತ್ತಾರೆ; ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಬೆಲ್ಟು, ಚಪ್ಪಲಿ, ಪುಸ್ತಕಗಳ ಮೇಲೆ ಬೂಷ್ಟು ಬರಲು ಧಾರಾಳ ಸಾಕು. ಕಂಪ್ರೆಸರ್ ಈ ಗಾಳಿಯನ್ನೇ ಎಳೆದು ಅದುಮುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. ಅಂಥ ಏಳು ಘನ ಮೀಟರನ್ನು ಒಂದಕ್ಕೆ ಅದುಮಿದರೆ ಒಟ್ಟು 160 ಗ್ರಾಂ ಆಯಿತು. ತಣ್ಣಗಾದ ಮೇಲೆ ಆ ಜಾಗದಲ್ಲಿ ಆವಿಯಾಗಿ ಉಳಿಯಲು ಸಾಧ್ಯವಿರುವುದು ಮತ್ತೆ ಅದೇ 23 ಗ್ರಾಂ. ಉಳಿದದ್ದೆಲ್ಲ ನೀರಾಗಿ ಟ್ಯಾಂಕಿನ ತಳದಲ್ಲಿ. ಆಷಾಢದಲ್ಲಿ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದಾಗ ತುಕ್ಕು ಬಣ್ಣದ ನೀರು ಬುಸ್ಸೆಂದು ಚಿಮ್ಮುವುದನ್ನು ನೋಡಿದರೆ, ಇದಿಷ್ಟೂ ಬೇರಿಂಗಿಗೆ ಹೋಗಬೇಕಾಗಿದ್ದದ್ದು ಎಂದು ಒಂಥರಾ ಗೆದ್ದ ಸಂತೋಷವಾಗುತ್ತದೆ. ದಿನಾ ಬೆಳಿಗ್ಗೆ ಆ ನಲ್ಲಿ ತಿರುಗಿಸುವುದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ನಮ್ಮೂರಿನಲ್ಲಿ ಆಯುರ್ವೇದ ಕಾಲೇಜಿದೆ, ಹಾಗಾಗಿ ವೈದ್ಯ ಮಿತ್ರರಿಗೆ ಬರವಿಲ್ಲ. ಅವರಲ್ಲೊಬ್ಬರು ಒಂದು ಭಾನುವಾರ ನನ್ನ ಮೇಜಿನ ಎದುರು ಕಾಫಿ ಕುಡಿಯುತ್ತ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, “ಇದಕ್ಕೆ ನಾಡಿ ನೋಡುವುದೇ ಬೇಡವಲ್ಲ ಮಾರಾಯ್ರೆ! ಓಡುವುದು ವಾತದಿಂದ, ಕೆಡುವುದು ಕಫದಿಂದ, ಬಿಸಿಯಾದರೆ ಪಿತ್ತ. ಕಫ ಹೆಚ್ಚಿ ವಾತ ಪ್ರಕೋಪವಾಗಿದೆ. ತೈಲ ಪ್ರಯೋಗ ಮಾಡಿ” ಎಂದರು. ತಮಾಷೆಗೆ ಹೇಳಿದ್ದು, ನಿಜ. ಆದರೆ ಕಂಪನಿಯ ಕೈಪಿಡಿಯಲ್ಲಿ ಇಪ್ಪತ್ತು ಪುಟ ಬರೆದದ್ದೂ ಇದನ್ನೇ.

ತೈಲ ಪ್ರಯೋಗದ ಕ್ರಮ ಹೀಗೆ. ಏರೋಟರನ್ನು ಹೊರಗೆ ಒರೆಸಿ, ಹಿಂದಿನಿಂದ, ಗಾಳಿ ಹೋಗುವ ತೂತಿಗೇ ಎಣ್ಣೆಯ ಡಬ್ಬಿಯ ಮೂತಿ ಕೂರಿಸಿ ಒತ್ತಬೇಕು. ಎರಡು ತೂತಿನದು, ನಾಲ್ಕು ತೂತಿನದು ಎಂದು ಜಾತಿಗಳಿವೆ. ನೀರಿನ ತೂತಿಗೆ ಎಣ್ಣೆ ಹೊಡೆದರೆ ಅದು ಮಾರನೆಯ ದಿನ ಮೊದಲ ರೋಗಿಯ ಬಾಯಿಗೆ ಹೋಗುತ್ತದೆ. ತಲೆಯನ್ನು ಬಿಳಿ ಟಿಶ್ಯೂ ಕಾಗದಕ್ಕೆ ಹಿಡಿದಿರಬೇಕು. ಆ ಕಾಗದ ನನಗೆ ದಿನದ ಜಾತಕ. ಎಣ್ಣೆ ತಿಳಿಯಾಗಿ ಬಂದರೆ ಎಲ್ಲ ಕ್ಷೇಮ. ಬೂದಿ ಬಣ್ಣ ಬಂದರೆ ಹಲ್ಲಿನ ಪುಡಿ ಒಳಗೆ ಸೇರಿದೆ, ತಿಳಿಯಾಗುವವರೆಗೆ ಹೊಡೆಯಬೇಕು. ಕಂದು ಬಂದರೆ ತುಕ್ಕು. ಕಪ್ಪು ಬಂದು, ಒರೆಸಿದರೂ ಕಪ್ಪೇ ಬರುತ್ತಿದ್ದರೆ ಬೇರಿಂಗಿನ ಒಳಗಿನ ಪಂಜರ ಸವೆಯುತ್ತಿದೆ, ಹೊಸ ಬೇರಿಂಗ್ ತರಿಸಲು ಫೋನ್ ಮಾಡಬಹುದು. ಎಣ್ಣೆ ಹೊಡೆದ ಮೇಲೆ ಬರ್ ಹಾಕಿ ಅರ್ಧ ನಿಮಿಷ ಓಡಿಸಿ ಹೆಚ್ಚಿನ ಎಣ್ಣೆ ಹೊರಹಾಕಬೇಕು. ಬರ್ ಇಲ್ಲದೆ ಖಾಲಿ ಓಡಿಸಬಾರದು, ಚಕ್ ಹಾಳಾಗುತ್ತದೆ. ಆಮೇಲೆ ಲಕೋಟೆಗೆ ಹಾಕಿ ಆಟೋಕ್ಲೇವಿಗೆ. 134 ಡಿಗ್ರಿ ಹಬೆಯಲ್ಲಿ ಬೆಂದು ಬಂದದ್ದನ್ನು ಕೂಡಲೇ ತೆಗೆದು ಒಣಗಿಸಬೇಕು. ನಾಳೆ ತೆಗೆದರಾಯಿತು ಎಂದು ರಾತ್ರಿ ಅದರೊಳಗೇ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಒಣಗಿಸಿದ ಮೇಲೆ ಮಳೆಗಾಲದಲ್ಲಿ ಅವು ಮಲಗುವುದು ಒಂದು ಹಳೆಯ ಮರದ ಪೆಟ್ಟಿಗೆಯಲ್ಲಿ. ಅದಕ್ಕೆ ಸಣ್ಣದೊಂದು ಬಲ್ಬು ಹಾಕಿಸಿದ್ದೇನೆ. ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರೆಲ್ಲ ಮಾಡುತ್ತಿದ್ದ ಉಪಾಯ ಇದು. ಬಲ್ಬಿನ ಬಿಸಿಗೆ ಒಳಗೆ ಬೂಷ್ಟು ಸುಳಿಯುವುದಿಲ್ಲ. ಈ ಪೆಟ್ಟಿಗೆಯ ಕೀರ್ತಿ ಮನೆಯವರೆಗೂ ಹಬ್ಬಿ, ಒಂದು ಶ್ರಾವಣದಲ್ಲಿ ಮೇಲಿನ ಅರೆಯಲ್ಲಿ ಹಲಸಿನ ಹಪ್ಪಳದ ಕಟ್ಟೊಂದು ಬಂದು ಕೂತಿತ್ತು. ಸೋಂಕಿನ ನಿಯಮಗಳನ್ನೆಲ್ಲ ವಿವರಿಸಿ ಅದನ್ನು ತೆರವುಗೊಳಿಸಿದೆ. ಮನೆಗೆ ಅಂಥದೇ ಇನ್ನೊಂದು ಪೆಟ್ಟಿಗೆ ಮಾಡಿಸಿಕೊಡಬೇಕಾಯಿತು.

ನನ್ನ ಹುಚ್ಚಿನ ಸುದ್ದಿ ಹಬ್ಬಿದ ಮೇಲೆ ಶೃಂಗೇರಿ, ಎನ್.ಆರ್.ಪುರದಿಂದ ಏರೋಟರುಗಳು ಬರತೊಡಗಿದವು. ಮೊದಮೊದಲು ಬರುತ್ತಿದ್ದದ್ದು ಸಹಕಾರ ಸಾರಿಗೆಯ ಬಸ್ಸಿನಲ್ಲಿ. ಮುಚ್ಚಿಹೋದ ಬಸ್ ಕಂಪನಿಯ ಕೆಲಸಗಾರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. 2020ರಲ್ಲಿ ಓಡಾಟ ನಿಲ್ಲಿಸಿತು. ಆ ಬಸ್ಸುಗಳಲ್ಲಿ ಔಷಧಿ, ಪಂಪಿನ ಬಿಡಿಭಾಗ, ಮದುವೆ ಮನೆಯ ಹೂವು, ಮರೆತು ಬಂದ ಕನ್ನಡಕ ಎಲ್ಲವೂ ಪ್ರಯಾಣ ಮಾಡುತ್ತಿದ್ದವು. ಶೃಂಗೇರಿಯ ಡಾಕ್ಟರಮ್ಮ ಆಟೋಕ್ಲೇವ್ ಮಾಡಿದ ಲಕೋಟೆಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕಂಡಕ್ಟರ ಕೈಗೆ ಕೊಟ್ಟರೆ, ಹರಿಹರಪುರ ದಾಟಿ ಅದು ಕೊಪ್ಪದ ಬಸ್‌ಸ್ಟ್ಯಾಂಡಿಗೆ ಬರುತ್ತಿತ್ತು. ಒಳಗೆ ಚೀಟಿ: “ಸರ್, ತಿರುಗುತ್ತದೆ, ಆದರೆ ಅಳುತ್ತದೆ.”

ಆ ಚೀಟಿಗಿಂತ ಚೆನ್ನಾಗಿ ರೋಗದ ಲಕ್ಷಣವನ್ನು ಬರೆಯಲಾಗುವುದಿಲ್ಲ. ಏರೋಟರಿನ ಎಲ್ಲ ಕಾಯಿಲೆಯೂ ಮೊದಲು ಕಿವಿಗೆ ಬರುತ್ತದೆ. ಆರೋಗ್ಯವಾಗಿದ್ದಾಗ ಒಂದೇ ಎಳೆಯ ತೆಳ್ಳನೆಯ ಸ್ವರ, ಏರಿ ನಿಂತುಬಿಡುತ್ತದೆ. ಎಣ್ಣೆ ಒಣಗಿದ್ದರೆ ಆ ಎಳೆಯ ಅಡಿಯಲ್ಲೊಂದು ಕರಕರ. ಒಂದು ಬೇರಿಂಗ್ ಹೋಗಿದ್ದರೆ ಸ್ವರ ಎರಡಾಗಿ ಸೀಳಿ ಅಲೆಅಲೆಯಾಗಿ ಕೇಳುತ್ತದೆ. ಡಾಕ್ಟರಮ್ಮ ಅಳು ಎಂದದ್ದು ಇದನ್ನೇ. ಸ್ವರ ಶುದ್ಧವಾಗಿದ್ದೂ ಕೆಳಗಿದ್ದರೆ ತಪ್ಪು ಏರೋಟರಿನದಲ್ಲ, ಗಾಳಿಯದು: ಕೊಳವೆ ಎಲ್ಲೋ ಮಡಚಿದೆ, ವಾಷರು ಸೋರುತ್ತಿದೆ, ಇಲ್ಲವೇ ಕರೆಂಟಿನ ವೋಲ್ಟೇಜು ಬಿದ್ದು ಕಂಪ್ರೆಸರ್ ಏದುಸಿರು ಬಿಡುತ್ತಿದೆ. ಪೆಡಲಿನಿಂದ ಕಾಲು ತೆಗೆದ ಮೇಲೂ ಕಿವಿ ಕೊಡಬೇಕು. ಒಳ್ಳೆಯದು ಮೆಲ್ಲಗೆ ಇಳಿಯುತ್ತ ನಿಲ್ಲುತ್ತದೆ, ಕೆಟ್ಟದ್ದು ತಟ್ಟನೆ ನಿಲ್ಲುತ್ತದೆ. ಆಮೇಲೆ ಬೆರಳಿನಿಂದ ಬರ್ ತಿರುಗಿಸಿ ನೋಡಬೇಕು. ಆ ಒಂದು ಸುತ್ತಿನಲ್ಲಿ ಮರಳಿನ ಕಣ ಸಿಕ್ಕಂತೆ ಬೆರಳಿಗೆ ತಗಲಿದರೆ ಮುಗಿಯಿತು, ಬಿಚ್ಚುವುದೇ.

ಬಿಚ್ಚಿ ಬೇರಿಂಗ್ ಬದಲಿಸುವ ಹೊತ್ತು ನನಗೆ ಅತ್ಯಂತ ಪ್ರಿಯ. ಹಳೆಯದನ್ನು ಎಳೆಯುವುದಕ್ಕೆ ಬಲ ಬೇಕು, ಹೊಸದನ್ನು ಕೂರಿಸುವುದಕ್ಕೆ ಸಂಯಮ ಬೇಕು. ಬೇರಿಂಗಿಗೆ ದಿಕ್ಕಿದೆ, ಯಾವ ಮುಖ ಚಕ್ರದ ಕಡೆಗೆ ಎಂದು ನೋಡಿಕೊಳ್ಳಬೇಕು. ಕಡ್ಡಿಗೆ ಒತ್ತುವಾಗ ಒಳಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಹೊರಬಳೆಯ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಉಕ್ಕಿನ ದಾರಿಯಲ್ಲಿ ಗುಳಿ ಬೀಳಿಸುತ್ತದೆ, ಹೊಸ ಬೇರಿಂಗ್ ಓಡುವ ಮೊದಲೇ ಮುದಿಯಾಗುತ್ತದೆ. ಪ್ರೆಸ್ಸಿನ ಹಿಡಿ ತಿರುಗಿಸುತ್ತ ಬಂದಂತೆ, ಸಡಿಲದಿಂದ ಬಿಗಿಗೆ, ಬಿಗಿಯಿಂದ ಇನ್ನು ಹೋಗದು ಎನ್ನುವಲ್ಲಿಗೆ ತಲುಪುವುದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಬೇಕು. ಆ ಹೊತ್ತಿನಲ್ಲಿ ಹೊರಗೆ ಯಾರು ಕರೆದರೂ ನನಗೆ ಕೇಳಿಸುವುದಿಲ್ಲ, ಕೇಳಿಸಿದರೂ ಕೇಳಿಸುವುದಿಲ್ಲ.

ಓ-ರಿಂಗನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಬೇರಿಂಗು ತಲೆಯ ಲೋಹಕ್ಕೆ ನೇರ ತಾಗದಂತೆ ಎತ್ತಿ ಹಿಡಿದು ನಡುಕವನ್ನು ನುಂಗುವುದು ಅದೇ. ಹಳತಾಗಿ ಚಪ್ಪಟೆಯಾದರೆ ಹೊಸ ಬೇರಿಂಗೂ ಕಿರುಚುತ್ತದೆ. ಎನ್.ಆರ್.ಪುರದ ಗಾಳದ ಮಿತ್ರರು ಒಮ್ಮೆ, “ಊರ ಸುತ್ತ ರಬ್ಬರ್ ತೋಟ ಇಟ್ಟುಕೊಂಡು ಈ ಸೂಜಿಗಣ್ಣಿನಷ್ಟು ರಬ್ಬರಿಗೆ ಬೆಂಗಳೂರಿಗೆ ಫೋನ್ ಮಾಡ್ತೀರಲ್ಲ” ಎಂದು ಛೇಡಿಸಿದರು. ಅವರಲ್ಲಿಗೆ ಬರುವ ರೋಗಿಗಳಲ್ಲಿ ಕೇರಳದಿಂದ ಬಂದು ನೆಲೆಸಿದ ರಬ್ಬರ್ ಬೆಳೆಗಾರರು ಬಹಳ. ಆದರೆ ತೋಟದ ರಬ್ಬರಿಗೆ ಖನಿಜ ಎಣ್ಣೆ ಆಗುವುದಿಲ್ಲ, ಕುಡಿದು ಊದಿಕೊಳ್ಳುತ್ತದೆ. ಇದಕ್ಕೆ ಕಾರ್ಖಾನೆಯ ಕೃತಕ ರಬ್ಬರೇ ಬೇಕು.

ನೀರಿನ ತೂತುಗಳದ್ದು ಬೇರೆ ಕಥೆ. ನಮ್ಮಲ್ಲಿ ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಮೆದು, ಆದರೆ ಮಳೆಗಾಲದಲ್ಲಿ ನಯವಾದ ಕೆಂಪು ಮಣ್ಣನ್ನು ಜೊತೆಗೆ ತರುತ್ತದೆ. ಇದೇ ಜಿಲ್ಲೆಯ ಕಡೂರಿನ ಕಡೆ ಬೋರ್‌ವೆಲ್ ನೀರು ಗಡಸು. ಅಲ್ಲಿಯ ಸಹಪಾಠಿಯ ಏರೋಟರುಗಳಲ್ಲಿ ಸುಣ್ಣದ ಬಿಳಿ ಹೊಪ್ಪಳ ಕಟ್ಟಿರುತ್ತದೆ. ಒಂದೇ ಜಿಲ್ಲೆಯ ಎರಡು ಸೀಮೆಯನ್ನು ತೂತಿನ ಕೊಳೆ ನೋಡಿಯೇ ಹೇಳಬಹುದು. ಎರಡಕ್ಕೂ ಕೂದಲಿನಂಥ ತಂತಿಯೇ ಮದ್ದು, ಭಟ್ಟಿ ಇಳಿಸಿದ ನೀರಿನ ಬಾಟಲಿಯೇ ಪಥ್ಯ.

ಅಡಿಕೆಯನ್ನೂ ಹೇಳದೆ ಬಿಡುವ ಹಾಗಿಲ್ಲ. ಎಲೆ ಅಡಿಕೆ ಹಾಕಿ ಹಾಕಿ ಹಿರಿಯರ ದವಡೆ ಹಲ್ಲುಗಳು ಚಪ್ಪಟೆಯಾಗಿ, ಅಂಚು ಮಾತ್ರ ಬ್ಲೇಡಿನಂತೆ ಉಳಿದು ಕೆನ್ನೆ ಕೊಯ್ಯುತ್ತದೆ. ಅದನ್ನು ನಯ ಮಾಡುವುದು ಏರೋಟರಿಗೆ ಎರಡು ನಿಮಿಷದ ಕೆಲಸ. ಕಷ್ಟ ಇರುವುದು ಹರೆಯದ ಹುಡುಗರದ್ದು. ಅಡಿಕೆಯ ಪೊಟ್ಟಣಗಳನ್ನು ಜಗಿದು ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದವರು ಬರುತ್ತಾರೆ. ಅವರಿಗೆಂದು ನಾನೊಂದು ಪುಟ್ಟ ತಲೆಯ ಏರೋಟರ್ ಇಟ್ಟುಕೊಂಡಿದ್ದೇನೆ. ಮಕ್ಕಳಿಗಾಗಿ ಮಾಡಿದ್ದು ಅದು. ಮೀಸೆ ಬಂದವರ ಬಾಯಿಗೆ ಅದನ್ನು ಹಿಡಿಯುವಾಗ ಅದರ ಸ್ವರ ಎಷ್ಟೇ ಶುದ್ಧವಾಗಿದ್ದರೂ ಖುಷಿಯಾಗುವುದಿಲ್ಲ. ನನ್ನ ಕ್ಲಿನಿಕ್ಕಿಗೆ ದುಡ್ಡು ತರುವ ಗೌಡರು, ಭಟ್ಟರು, ಹೆಗ್ಡೆಯವರೆಲ್ಲ ಅಡಿಕೆ ಬೆಳೆದೇ ಬದುಕುವವರು, ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡು ಕೂತವರೂ ಅವರೇ. ಹಾಗಾಗಿ ಈ ಮಾತನ್ನು ನಾನು ಅವರೆದುರು ಮೆಲ್ಲಗೆ ಹೇಳುತ್ತೇನೆ. ಹೇಳುವುದನ್ನು ಮಾತ್ರ ಬಿಡುವುದಿಲ್ಲ.

ರಿಪೇರಿಗೆ ಒಂದು ಎಲ್ಲೆ ಇದೆ. ಚಕ್ ಸವೆದದ್ದನ್ನು ನಾನು ಸರಿ ಮಾಡಿ ಕಳಿಸುವುದಿಲ್ಲ. ಬೇರಿಂಗ್ ಕೆಟ್ಟರೆ ಶಬ್ದವಾಗುತ್ತದೆ, ನೀರು ಕಟ್ಟಿದರೆ ಹಲ್ಲು ಕಾಯುತ್ತದೆ, ಎರಡನ್ನೂ ಡಾಕ್ಟರು ಆ ಕ್ಷಣವೇ ಅರಿಯಬಹುದು. ಚಕ್ ಹಿಡಿತ ಬಿಟ್ಟರೆ ತಿರುಗುತ್ತಿರುವ ಬರ್ ಕಳಚಿ ನೇರ ಗಂಟಲಿಗೆ ಹೋದೀತು. ಪ್ರತಿ ಏರೋಟರಿಗೂ ಕೊನೆಯಲ್ಲಿ ಬರ್ ಹಾಕಿ, ಸಣ್ಣ ಇಕ್ಕಳದಿಂದ ಹಿಡಿದು ಜಗ್ಗುತ್ತೇನೆ. ಜಾರಿದರೆ ಇಡೀ ಕಾರ್ಟ್ರಿಡ್ಜೇ ಹೊಸದು, ವಾದವಿಲ್ಲ. ವಾದ ಬರುವುದು ಅಗ್ಗದ ಕಾರ್ಟ್ರಿಡ್ಜಿನ ಬಗ್ಗೆ. ಒಳ್ಳೆಯ ಬೇರಿಂಗ್ ಜೋಡಿಯ ಬೆಲೆಗೆ ಹೆಸರಿಲ್ಲದ ಇಡೀ ಕಾರ್ಟ್ರಿಡ್ಜ್ ಸಿಗುವಾಗ ಇಷ್ಟು ಒದ್ದಾಟ ಯಾಕೆ ಎಂದು ಮಿತ್ರರು ಕೇಳುತ್ತಾರೆ. ಹಾಕಿ ನೋಡಿ, ಒಂದು ಮಳೆಗಾಲ ಕೇಳಿ ಎನ್ನುತ್ತೇನೆ. ಕೆಲವರದ್ದು ಒಂದು ಮಳೆಗಾಲ ದಾಟಿದ್ದೂ ಉಂಟು. ಅಂಥವರು ಆ ಸುದ್ದಿಯನ್ನು ನನಗೆ ತಪ್ಪದೆ ಫೋನ್ ಮಾಡಿ ತಿಳಿಸುತ್ತಾರೆ.

ಈಗ ಹೊಸ ಪೀಡೆಯೊಂದು ಬಂದಿದೆ. ವಿದ್ಯುತ್ ಮೋಟಾರಿನಿಂದ ಓಡುವ, ಕತ್ತಿನಲ್ಲಿ ಕೆಂಪು ಉಂಗುರವಿರುವ ಜಾತಿ. ಒಳಗಿನ ಹಲ್ಲುಗಾಲಿಗಳು ಮೋಟಾರಿನ 40,000 ಸುತ್ತನ್ನು ಐದು ಪಟ್ಟು ಏರಿಸಿ ಎರಡು ಲಕ್ಷ ಮಾಡುತ್ತವೆ. ಏರೋಟರಿಗೆ ಹೋಲಿಸಿದರೆ ನಿಧಾನ, ಆದರೆ ಒತ್ತಿದರೆ ವೇಗ ಕುಸಿಯುವುದಿಲ್ಲ. ಗಾಳಿಯದಾದರೆ ಹಲ್ಲಿಗೆ ತಾಗಿಸಿದ ಕೂಡಲೇ ಅರ್ಧ ವೇಗ ಕಳೆದುಕೊಳ್ಳುತ್ತದೆ. ಕುಂಯ್ ಕೂಡ ಇಲ್ಲ, ಗುಂಯ್ ಎನ್ನುತ್ತದೆ ಅಷ್ಟೆ. ಗೌಡರಿಗೆ ಇದು ಇಷ್ಟವಾಗಬಹುದು. ನನ್ನ ಕಿವಿಗೆ ಅದರಲ್ಲಿ ಇನ್ನೂ ಏನೂ ತಿಳಿಯುವುದಿಲ್ಲ, ಆರೋಗ್ಯವಾಗಿದೆಯೋ ಜ್ವರ ಬಂದಿದೆಯೋ ಎಂದು ಹೇಳಲಾರೆ. ಎನ್.ಆರ್.ಪುರದ ಮಿತ್ರರು ಅಂಥದೊಂದನ್ನು ಸಾಲ ಮಾಡಿ ಕೊಂಡಿದ್ದಾರೆ. ಒಂದು ಭಾನುವಾರ ಹಿನ್ನೀರಿಗೆ ಹೋಗುವುದನ್ನು ಬಿಟ್ಟು ಅದನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಇಬ್ಬರೂ ಟವೆಲಿನ ಮೇಲೆ ಇಟ್ಟುಕೊಂಡು ಸುತ್ತ ತಿರುಗಿಸಿ ನೋಡಿದೆವು. ಮುಚ್ಚಳ ಎಲ್ಲಿಂದ ತೆರೆಯಬೇಕೆಂಬುದು ನನಗೆ ಆಗಲೇ ಹೊಳೆದಿತ್ತು, ಕೈ ಸ್ಪ್ಯಾನರಿನ ಕಡೆಗೂ ಹೋಗಿತ್ತು. ಅವರು ನನ್ನ ಕೈ ಹಿಡಿದುಕೊಂಡು, “ಸ್ವಲ್ಪ ತಡೀರಿ ಮಾರಾಯ್ರೆ, ವಾರಂಟಿ ಮುಗೀಲಿ” ಎಂದರು. ಅದು ಬರುವ ಮಾಘದಲ್ಲಿ ಮುಗಿಯುತ್ತದೆ.